ಗೊತ್ತಿಲ್ಲದ ನದಿಗೆ ಗಾಳ ಹಾಕುವ ಮುಂಚೆ

ಒಂದು ಜೂನ್ ತಿಂಗಳು, ರಾತ್ರಿ ಒಂಬತ್ತೂವರೆಗೆ ನನ್ನ ಚಿಕ್ಕಪ್ಪನ ಮಗ ಬ್ರೆಜಿಲ್‌ನಿಂದ ಫೋನ್ ಮಾಡಿದ. ಅಲ್ಲಿ ಆಗ ಮಧ್ಯಾಹ್ನ ಹನ್ನೆರಡು. ಕಂಪನಿ ಕೆಲಸಕ್ಕೆ ಮನೌಸ್‌ಗೆ ಹೋಗಿದ್ದ. ಅಮೆಜಾನ್ ಕಾಡಿನ ನಡುವೆ ಇರುವ ದೊಡ್ಡ ಊರು ಅದು. ಕೆಲಸ ಮುಗಿದ ಮೇಲೆ ನಾಲ್ಕು ದಿನ ರಜ ಹಾಕಿ, ಬಾಡಿಗೆ ದೋಣಿ ಹಿಡಿದು, ರಿಯೊ ನೀಗ್ರೊ ನದಿಯಲ್ಲಿ ಗಾಳ ಹಾಕುತ್ತಿದ್ದ.

"ಅಣ್ಣ, ಇಲ್ಲಿ ಮೀನೇ ಇಲ್ಲ ಕಣಣ್ಣ. ಮೂರು ದಿನ ಆಯ್ತು ಎಸೀತಾ ಇದೀನಿ, ಒಂದೂ ಕಚ್ಚಿಲ್ಲ."

"ನೀರು ಎಲ್ಲಿವರೆಗೆ ಇದೆಯೋ?"

"ಮರದ ಕೊಂಬೆವರೆಗೆ. ಕೊಂಬೆಗಳ ಮಧ್ಯೆನೇ ದೋಣಿ ಹೋಗ್ತಿದೆ."

"ಹಂಗಾದ್ರೆ ಮೀನು ನದೀಲಿಲ್ಲ ಕಣೋ. ಕಾಡೊಳಗೆ ಹೋಗಿದೆ."

ಅವನು ಗೊರೂರಿನ ಹಿನ್ನೀರಿನ ಪಕ್ಕದಲ್ಲೇ ನನ್ನ ಜೊತೆ ಬೆಳೆದವನು. ಅವನಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲವೇ ಅಲ್ಲ. ಆದರೆ ದೂರದ ದೇಶ, ಹೊಸ ಮೀನು, ದುಬಾರಿ ರಾಡು ಅಂದ ಕೂಡಲೇ ಮನೆಯಲ್ಲಿ ಕಲಿತದ್ದೆಲ್ಲ ಮರೆತುಹೋಗುತ್ತದೆ. ಹೋಗುವ ಮುಂಚೆ ಅವನು ಎರಡು ತಿಂಗಳು ರೀಲು, ದಾರ, ಲೂರ್ ಅನ್ನುವ ನಕಲಿ ಮೀನುಗಳ ಬಗ್ಗೆ ಓದಿದ್ದ. ನದಿಯ ನೀರು ಯಾವ ತಿಂಗಳು ಏರುತ್ತದೆ, ಯಾವ ತಿಂಗಳು ಇಳಿಯುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ. ನನಗೆ ಕೇಳಿದರೆ ಮೊದಲು ನೋಡಬೇಕಾದದ್ದೇ ಅದು.

ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿದ್ದೀರಲ್ಲ? ಏಪ್ರಿಲ್‌ನಲ್ಲಿ ಅದರ ಸುತ್ತ ಒಣ ನೆಲದ ಮೇಲೆ ನಡೆದುಕೊಂಡು ಹೋಗಬಹುದು. ಆಗಸ್ಟ್‌ನಲ್ಲಿ ಅದೇ ಜಾಗಕ್ಕೆ ನೀರು ಬಂದು ಗೋಡೆ ಅರ್ಧ ಮುಳುಗಿರುತ್ತದೆ. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ ಅಂತ ಮಳೆಗಾಲದಲ್ಲಿ ಪೇಪರ್‌ನಲ್ಲಿ ದಿನಾ ಬರುತ್ತದೆ. ಆ ನಂಬರ್ ರೈತರಿಗೆ ಎಷ್ಟು ಮುಖ್ಯವೋ ಗಾಳ ಹಾಕುವವರಿಗೂ ಅಷ್ಟೇ ಮುಖ್ಯ. ನೀರು ಕಡಿಮೆ ಇದ್ದಾಗ ಮೀನೆಲ್ಲ ಹಳೇ ಹೊಳೆಯ ಗುಂಡಿಗಳಲ್ಲಿ ಒಟ್ಟಾಗಿರುತ್ತದೆ. ನೀರು ಏರಿ ಹುಲ್ಲುಗಾವಲಿನ ಮೇಲೆ ಹರಡಿದ ಕೂಡಲೇ ಮೀನು ಗುಂಡಿ ಬಿಟ್ಟು ದಡದ ಕಡೆ ಬರುತ್ತದೆ. ನೆನೆದ ಹುಲ್ಲು, ಎರೆಹುಳು, ಗೂಡು ಬಿಟ್ಟು ತೇಲುವ ಇರುವೆ, ಎಲ್ಲ ಅಲ್ಲಿರುತ್ತದೆ. ಆಗ ನಡು ನೀರಿಗೆ ಗಾಳ ಎಸೆದು ಕೂತರೆ ಸಂಜೆವರೆಗೂ ಬೆಂಡು ಅಲ್ಲಾಡುವುದಿಲ್ಲ.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದರ ಇನ್ನೊಂದು ರೂಪ ಗೊತ್ತಿರುತ್ತದೆ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದ ಮೀನು ಪ್ರವಾಹಕ್ಕೆ ಎದುರಾಗಿ ಮೇಲೆ ಬರುತ್ತದೆ, ತೋಡು ಹಿಡಿದು ಗದ್ದೆಗೂ ನುಗ್ಗುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಹತ್ತು ಮೀನು ಅನ್ನುತ್ತಾರೆ. ಎಣಿಕೆಯ ಹತ್ತಲ್ಲ, ಮೇಲೆ ಹತ್ತುವ ಮೀನು. ಮೊಟ್ಟೆ ಇಡಲು ಹೊಸ ನೀರು, ಮರಿಗೆ ಅಡಗಲು ಹುಲ್ಲು, ತಿನ್ನಲು ಹುಳ, ಮೂರೂ ಒಂದೇ ಸಲ ಸಿಗುವ ಕಾಲ ಅದು.

ಅಮೆಜಾನ್‌ನಲ್ಲಿ ನಡೆಯುವುದೂ ಇದೇ. ಅಳತೆ ಮಾತ್ರ ಬೇರೆ. ಮನೌಸ್‌ನಲ್ಲಿ ನದಿ ವರ್ಷಕ್ಕೆ ಸುಮಾರು 10 ಮೀಟರ್ ಏರಿ ಇಳಿಯುತ್ತದೆ. ಮೂರು ಅಂತಸ್ತಿನ ಮನೆಯ ಎತ್ತರ ಅದು. ಅಲ್ಲಿನ ಬಂದರಿನಲ್ಲಿ 1902ರಿಂದ ನೀರಿನ ಮಟ್ಟ ಬರೆದಿಟ್ಟಿದ್ದಾರೆ. 2021ರ ಜೂನ್‌ನಲ್ಲಿ 30.02 ಮೀಟರ್ ಮುಟ್ಟಿತ್ತು. 2024ರ ಅಕ್ಟೋಬರ್‌ನಲ್ಲಿ ಬರಕ್ಕೆ ಸಿಕ್ಕಿ 12 ಮೀಟರಿನ ಆಸುಪಾಸಿಗೆ ಇಳಿಯಿತು. ನೀರು ಏರಿದಾಗ ನದಿ ದಡ ಮೀರಿ ಕಿಲೋಮೀಟರ್‌ಗಟ್ಟಲೆ ಕಾಡಿಗೆ ನುಗ್ಗುತ್ತದೆ. ಮೀನೂ ಅದರ ಜೊತೆ ಹೋಗುತ್ತದೆ. ಜರ್ಮನಿಯ ವೋಲ್ಫ್‌ಗಾಂಗ್ ಯುಂಕ್ ಮತ್ತು ಇಬ್ಬರು ಸಂಗಾತಿಗಳು 1989ರಲ್ಲಿ ಇದನ್ನು ವಿಜ್ಞಾನದ ಭಾಷೆಯಲ್ಲಿ ಬರೆದರು. ಇಂಥ ನದಿಗಳಲ್ಲಿ ಜೀವ ನಡೆಯುವುದು ವರ್ಷಕ್ಕೊಮ್ಮೆ ಬಂದು ಹೋಗುವ ನೆರೆಯ ಮಿಡಿತದ ಮೇಲೆ ಅಂತ ಅವರ ಮಾತಿನ ಸಾರ. ನೆರೆ ಅಂದರೆ ನಮಗೆ ಹಾನಿ ಅಂತಲೇ ಮನಸ್ಸಿಗೆ ಬರುತ್ತದೆ. ಮೀನಿಗೆ ಅದು ಸುಗ್ಗಿ.

ಆ ಸುಗ್ಗಿಯಲ್ಲಿ ಮೀನು ಏನು ತಿನ್ನುತ್ತದೆ? ಇದಕ್ಕೆ ಉತ್ತರ ಹಾಸನದ ಮೀನು ಮಾರ್ಕೆಟ್‌ನಲ್ಲೇ ಇದೆ. ರೂಪ್‌ಚಂದ್ ಅಂತ ಮಾರುತ್ತಾರಲ್ಲ, ತಟ್ಟೆಯ ಹಾಗೆ ಅಗಲ ಇರುವ, ಹೊಟ್ಟೆ ಕೆಂಪಗಿರುವ ಮೀನು. ಅದರ ಮೂಲ ಅಮೆಜಾನ್, ಒರಿನೊಕೊ ನದಿಗಳು. ಮುಂದಿನ ಸಲ ತಂದಾಗ ತೊಳೆಯುವ ಮುಂಚೆ ತುಟಿ ಎತ್ತಿ ನೋಡಿ. ಮನುಷ್ಯರ ದವಡೆ ಹಲ್ಲಿನ ಹಾಗೆ ಚಪ್ಪಟೆ, ಗಟ್ಟಿ ಹಲ್ಲು ಇರುತ್ತದೆ. ನಾನು ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಮೀನು ಕೆಳಗೆ ಹಾಕಿಬಿಟ್ಟಿದ್ದೆ. ಆ ಹಲ್ಲು ಇರುವುದು ಮಾಂಸ ಹರಿಯಲು ಅಲ್ಲ, ಕಾಯಿ, ಬೀಜ ಒಡೆಯಲು. ಅದರ ದೊಡ್ಡ ಅಣ್ಣ ತಂಬಾಕಿ ಅನ್ನುವ ಮೀನು, ನೆರೆ ಬಂದಾಗ ರಬ್ಬರ್ ಮರದ ಕೆಳಗೆ ಕಾದಿದ್ದು, ನೀರಿಗೆ ಬಿದ್ದ ಬೀಜ ಒಡೆದು ತಿನ್ನುತ್ತದೆ. ಅಲ್ಲಿನ ಹಳೇ ಮೀನುಗಾರರು ಕೋಲಿನ ದಾರಕ್ಕೆ ಕಾಯಿ ಕಟ್ಟಿ ನೀರಿನ ಮೇಲೆ ಟಪ್ ಟಪ್ ಅಂತ ಬಡಿಯುತ್ತಾರೆ. ಹಣ್ಣು ಬಿತ್ತು ಅಂದುಕೊಂಡು ಮೀನು ಬರುತ್ತದೆ.

ನಮ್ಮ ಹೊಳೆ ದಡದ ಅತ್ತಿ ಮರದ ಕೆಳಗಿನ ಮಡುವಿನಲ್ಲೂ ಹೀಗೇ. ಹಣ್ಣು ಉದುರುವ ಕಾಲಕ್ಕೆ ಮಾಶೀರ್ ಅಲ್ಲೇ ಸುತ್ತುತ್ತಿರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳಿಗೆ ಪುರಿ ಎಸೆದು ನೋಡಿದ್ದರೆ, ನೀರಿಗೆ ಏನೋ ಬಿದ್ದ ಸದ್ದಿಗೆ ಅವು ಹೇಗೆ ತಿರುಗುತ್ತವೆ ಅಂತ ಗೊತ್ತಿರುತ್ತದೆ. ಹಿಡಿಯುವ ಮಾತು ಅಲ್ಲಿ ಇಲ್ಲ. ಆದರೆ ಮೀನಿನ ನಡತೆ ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ನಮ್ಮ ಜಿಲ್ಲೆಯಲ್ಲಿ ನನಗೆ ಗೊತ್ತಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಹೋದರೆ ಸರಿ, ಅಲ್ವಾ? ಅದೂ ಅಷ್ಟು ಸುಲಭ ಅಲ್ಲ. ಯಾರ ಬೇಸಿಗೆ ಅಂತ ಕೇಳಬೇಕು. ಹಾಸನದಲ್ಲಿ ಬಿಸಿಲು ಕಾಯುತ್ತಿರುವಾಗಲೂ ಗೊರೂರಿನಲ್ಲಿ ನೀರು ಏರುತ್ತಿರುತ್ತದೆ, ಯಾಕೆಂದರೆ ಮಳೆ ಬಿದ್ದಿರುವುದು ಮೂಡಿಗೆರೆಯಲ್ಲಿ. ದೊಡ್ಡ ನದಿಗಳಲ್ಲಿ ಈ ಅಂತರ ದಿನಗಳದ್ದಲ್ಲ, ತಿಂಗಳುಗಳದ್ದು. ಆಫ್ರಿಕಾದ ಓಕವಾಂಗೊ ನೋಡಿ. ಮಳೆ ಬೀಳುವುದು ಅಂಗೋಲಾದ ಬೆಟ್ಟಗಳಲ್ಲಿ. ಆ ನೀರು ಬೋಟ್ಸ್ವಾನಾದ ಕೆಳಭಾಗ ಮುಟ್ಟುವಾಗ ಅಲ್ಲಿ ಒಂದು ಹನಿ ಮಳೆ ಇಲ್ಲದ ಚಳಿಗಾಲ. ಆಮೇಲೆ ನೀರು ಇಳಿಯತೊಡಗಿದಾಗ ಸಣ್ಣ ಮೀನುಗಳು ಜೊಂಡಿನಿಂದ ಹೊರಗೆ ಬೀಳುತ್ತವೆ. ಅವನ್ನು ಅಟ್ಟಿಕೊಂಡು ಮೀಸೆ ಮೀನುಗಳ ಹಿಂಡೇ ಹೊರಡುತ್ತದೆ, ಅದರ ಹಿಂದೆ ಟೈಗರ್ ಫಿಶ್. ಗಾಳದವರು ಕಾಯುವುದು ಆ ವಾರಗಳಿಗೆ.

ಕಾಂಬೋಡಿಯಾದ್ದು ಇನ್ನೂ ವಿಚಿತ್ರ. ತೋನ್ಲೆ ಸಾಪ್ ಅನ್ನುವ ಸರೋವರದಿಂದ ಮೆಕಾಂಗ್‌ಗೆ ಒಂದು ನದಿ ಹರಿಯುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಆ ನದಿಯನ್ನೇ ಹಿಂದಕ್ಕೆ ತಳ್ಳುತ್ತದೆ, ನೀರು ಉಲ್ಟಾ ಹರಿದು ಸರೋವರ ತುಂಬುತ್ತದೆ. ಬೇಸಿಗೆಯಲ್ಲಿ 2,500 ಚದರ ಕಿಲೋಮೀಟರ್ ಇರುವ ಸರೋವರ ನೆರೆಯಲ್ಲಿ 15,000ದವರೆಗೂ ಹಿಗ್ಗುತ್ತದೆ. ನವೆಂಬರ್ ಹೊತ್ತಿಗೆ ನೀರು ಮತ್ತೆ ಸರಿ ದಿಕ್ಕಿಗೆ ತಿರುಗಿದಾಗ ಮೀನೂ ಹೊರಗೆ ಬರುತ್ತದೆ.

ಅಮೆಜಾನ್ ಕೂಡ ಒಂದೇ ನದಿ ಅಲ್ಲ. ದಕ್ಷಿಣದಿಂದ ಬರುವ ಉಪನದಿಗಳು ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಳಿದಿರುತ್ತವೆ. ರಿಯೊ ನೀಗ್ರೊದ ಮಧ್ಯಭಾಗ ಇಳಿಯುವುದು ವರ್ಷದ ಕೊನೆಗೆ. ನನ್ನ ತಮ್ಮ ಹೋಗಿದ್ದು ಜೂನ್‌ನಲ್ಲಿ, ನೀರು ನೆತ್ತಿಗೇರಿದ್ದಾಗ. ದೋಣಿಯವನಿಗೆ ಇದು ಗೊತ್ತಿತ್ತು. ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ದುಡ್ಡಂತೂ ಹೋಯಿತು.

ಇನ್ನು ನೀರಿನ ಬಣ್ಣ. ರಿಯೊ ನೀಗ್ರೊ ಅಂದರೆ ಕಪ್ಪು ನದಿ ಅಂತಲೇ ಅರ್ಥ. ನಮ್ಮ ಫಿಲ್ಟರ್‌ನಿಂದ ಇಳಿಯುವ ಡಿಕಾಕ್ಷನ್ ನೆನಪು ಮಾಡಿಕೊಳ್ಳಿ. ಅದನ್ನು ಒಂದು ಲೋಟ ನೀರಿಗೆ ಎರಡು ಚಮಚ ಹಾಕಿ ಬೆಳಕಿಗೆ ಹಿಡಿದರೆ ಕೆಂಪು ಛಾಯೆ ಕಾಣುತ್ತದೆ. ಆ ನದಿಯ ನೀರು ಹಾಗೇ ಇರುತ್ತದೆ. ಕೊಳೆತ ಎಲೆಯ ಒಗರು ಕಾಡಿನ ಮರಳು ನೆಲದಿಂದ ಸೋಸಿ ಬಂದು ಬಣ್ಣ ಕೊಡುತ್ತದೆ. ಮಣ್ಣು ಇಲ್ಲ, ಹುಳಿ ಜಾಸ್ತಿ. ಹುಳಿ ನೀರಿನಲ್ಲಿ ಸೊಳ್ಳೆ ಮರಿ ಅಷ್ಟಾಗಿ ಬದುಕುವುದಿಲ್ಲ, ಹಾಗಾಗಿ ಅಲ್ಲಿ ರಾತ್ರಿ ಕೂರುವುದು ಎಷ್ಟೋ ಸುಖ. ಮನೌಸ್ ಹತ್ತಿರ ಈ ಕಪ್ಪು ನೀರು ಆಂಡಿಸ್ ಪರ್ವತದ ಕೆಸರು ಹೊತ್ತು ಬರುವ ಸೊಲಿಮೋಯಿಸ್ ನದಿಯನ್ನು ಸೇರುತ್ತದೆ. ಎರಡೂ ಬೆರೆಯದೆ ಸುಮಾರು 6 ಕಿಲೋಮೀಟರ್ ಪಕ್ಕ ಪಕ್ಕ ಹರಿಯುತ್ತವೆ.

ಗಾಳ ಹಾಕುವವರಿಗೆ ಇದರಿಂದ ಏನು ಉಪಯೋಗ? ಕಪ್ಪು ನೀರು ಕೆಸರಲ್ಲ, ಹತ್ತಿರದ್ದು ಮೀನಿಗೆ ಕಾಣುತ್ತದೆ. ನೀಲಿ ಬೆಳಕು ಬೇಗ ಸಾಯುತ್ತದೆ, ಕೆಂಪು, ಕಿತ್ತಳೆ ಆಳಕ್ಕೆ ಹೋಗುತ್ತದೆ. ಅಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಲೂರ್ ನಡೆಯುತ್ತದೆ. ಕೆಸರು ನೀರಿನಲ್ಲಿ ಅಷ್ಟು ದುಡ್ಡು ಕೊಟ್ಟು ತಂದ ಲೂರ್ ಸುಮ್ನೆ. ಅಲ್ಲಿರುವುದು ಮೀಸೆ ಮೀನುಗಳ ರಾಜ್ಯ. ನಮ್ಮ ಬಾಳೆ ಮೀನಿನ ಹಾಗೆ ವಾಸನೆಯಿಂದ, ಮೀಸೆಯ ಸ್ಪರ್ಶದಿಂದ ಊಟ ಹುಡುಕುತ್ತವೆ. ತಾಜಾ ಮೀನಿನ ತುಂಡು ಕಟ್ಟಿ ತಳಕ್ಕೆ ಬಿಡಬೇಕು. ಆ ಮೀಸೆ ಮೀನುಗಳಲ್ಲಿ ಒಂದು, ದೊರಾದೊ ಅಂತ, ಆಂಡಿಸ್ ಬುಡದಲ್ಲಿ ಹುಟ್ಟಿ ಸಮುದ್ರದ ಬಾಯಿಯವರೆಗೆ ತೇಲಿಹೋಗಿ, ಬೆಳೆದು ಮೊಟ್ಟೆ ಇಡಲು ಮತ್ತೆ ಬೆಟ್ಟದ ಬುಡಕ್ಕೇ ಬರುತ್ತದೆ. ಹೋಗಿ ಬರುವ ದಾರಿ ಸುಮಾರು 11,600 ಕಿಲೋಮೀಟರ್. ನಮ್ಮ ಹತ್ತು ಮೀನಿನ ಪಯಣ ನೋಡಿ ಬೆಳೆದವನಿಗೆ ಇದನ್ನು ಓದಿದಾಗ ಮೈ ಜುಂ ಅನ್ನುತ್ತದೆ.

ಉಸಿರಿನ ವಿಷಯಕ್ಕೆ ಬರೋಣ. ಬಿಸಿ ಪ್ರದೇಶದ ನೀರಿನಲ್ಲಿ ಹೆಚ್ಚಿನ ಜನ ಎಡವುವುದು ಇಲ್ಲೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಕಳೆ ತುಂಬಿದ, ಎಲೆ ಕೊಳೆಯುವ ನಿಂತ ನೀರಿನಲ್ಲಿ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಅದೂ ಉಳಿದಿರುವುದಿಲ್ಲ. ಅಲ್ಲಿ ಬದುಕಬೇಕು ಅಂದರೆ ಏನಾದರೂ ಉಪಾಯ ಬೇಕು. ತಂಬಾಕಿಯ ಕೆಳತುಟಿ ಕೆಲವೇ ಗಂಟೆಗಳಲ್ಲಿ ಊದಿ ಚಾಚಿಕೊಂಡು, ಮೇಲಿನ ತೆಳು ಪದರದ ನೀರನ್ನು ಕಿವಿರಿಗೆ ಎಳೆದುಕೊಳ್ಳುತ್ತದೆ. ನಮ್ಮ ಕೊರವ ಮೀನು ಸೀದಾ ಗಾಳಿಯನ್ನೇ ಕುಡಿಯುತ್ತದೆ. ಕೆರೆಯಲ್ಲಿ ತಾವರೆ ಎಲೆಗಳ ನಡುವೆ ಬುಳಕ್ ಅಂತ ಸದ್ದು ಬಂದು ಒಂದು ಗುಳ್ಳೆ ಒಡೆದರೆ ಹಳ್ಳಿ ಹುಡುಗರು ಗಾಳ ಅಲ್ಲಿಗೇ ಇಳಿಸುತ್ತಾರೆ.

ಅಮೆಜಾನ್‌ನ ಪಿರರುಕು, ಬೇರೆ ಕಡೆ ಅರಪೈಮಾ ಅನ್ನುತ್ತಾರೆ, ಅದೂ ಹಾಗೇ. ಎರಡು ಮೀಟರ್‌ಗಿಂತ ಉದ್ದ ಬೆಳೆಯುತ್ತದೆ. ಆದರೂ ಸ್ವಲ್ಪ ಸ್ವಲ್ಪ ಹೊತ್ತಿಗೆ ಮೇಲೆ ಬಂದು ಉಸಿರು ಎಳೆಯದಿದ್ದರೆ ಸತ್ತೇಹೋಗುತ್ತದೆ. ಬ್ರೆಜಿಲ್‌ನ ಮಮಿರವಾ ಅನ್ನುವ ರಕ್ಷಿತ ಪ್ರದೇಶದಲ್ಲಿ ಮೀನುಗಾರರು ಸರೋವರದಲ್ಲಿ ಹರಡಿಕೊಂಡು ನಿಂತು, 20 ನಿಮಿಷದಲ್ಲಿ ಎಷ್ಟು ಮೀನು ಮೇಲೆ ಬಂತು ಅಂತ ಕಣ್ಣು, ಕಿವಿಯಿಂದಲೇ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಆ ವರ್ಷ ಎಷ್ಟು ಹಿಡಿಯಬಹುದು ಅಂತ ತೀರ್ಮಾನ ಆಗುತ್ತದೆ. ಇಂಥ ಮೀನನ್ನು ಗಾಳದಲ್ಲಿ ಗಂಟೆಗಟ್ಟಲೆ ಆಡಿಸಿ, ಮೇಲೆ ಬರಲು ಬಿಡದೆ, ಆಮೇಲೆ ಫೋಟೋಗೆ ದಡಕ್ಕೆ ಎಳೆದರೆ ಅದು ನೀರಿನಲ್ಲೇ ಮುಳುಗಿ ಸತ್ತ ಹಾಗೆ. ದಾರ, ರಾಡು ಗಟ್ಟಿ ಇರಲಿ, ಬೇಗ ಮುಗಿಸಿ. ಮೀನು ನೀರಿನಲ್ಲೇ ಇರಲಿ, ನೀವು ಇಳಿದು ಅದರ ತಲೆ ಮೇಲೆತ್ತಿ ಹಿಡಿಯಿರಿ. ಬಿಸಿ ನೀರಿನಲ್ಲಿ ದಣಿದ ಮೀನು ಸುಧಾರಿಸಿಕೊಳ್ಳುವುದು ನಿಧಾನ. ಯಾವ ಮೀನಿಗಾದರೂ ಇದೇ ಮಾತು.

ನನ್ನ ತಮ್ಮ ಹುಡುಕಿಕೊಂಡು ಹೋದದ್ದು ತುಕುನಾರೆ. ಇಂಗ್ಲಿಷಿನಲ್ಲಿ ಪೀಕಾಕ್ ಬಾಸ್. ಬಾಲದ ಬುಡದಲ್ಲಿ ನವಿಲುಗರಿಯ ಕಣ್ಣಿನಂಥ ಒಂದು ಬೊಟ್ಟು ಇರುವುದಕ್ಕೆ ಆ ಹೆಸರು. ವಿಶ್ವ ದಾಖಲೆ 13 ಕಿಲೋ ದಾಟಿದೆ, 2010ರಲ್ಲಿ ರಿಯೊ ನೀಗ್ರೊದ ಮೇಲ್ಭಾಗದಲ್ಲಿ ಸಿಕ್ಕಿದ್ದು. ಆದರೆ ನನಗೆ ಖುಷಿ ಕೊಡುವ ವಿಷಯ ಬೇರೆ. ಅದು ನಮ್ಮ ಕೆರೆಯ ಜಿಲೇಬಿ ಮೀನಿನ, ಅಂದರೆ ತಿಲಾಪಿಯಾದ, ಕುಟುಂಬದ್ದೇ. ಬೆನ್ನಿನ ಮೇಲಿನ ಮುಳ್ಳು ರೆಕ್ಕೆ ನೋಡಿದರೆ ಸಾಕು, ನಂಟು ಗೊತ್ತಾಗುತ್ತದೆ. ನಡತೆಯಲ್ಲೂ ಮನೆತನ ಒಂದೇ. ಜಿಲೇಬಿ ಮೀನಿನ ತಾಯಿ ಮರಿಗಳನ್ನು ಬಾಯೊಳಗೆ ಇಟ್ಟು ಕಾಯುತ್ತದೆ. ತುಕುನಾರೆಯಲ್ಲಿ ಅಪ್ಪ, ಅಮ್ಮ ಇಬ್ಬರೂ ಮರಿಗಳ ಹಿಂಡಿನ ಜೊತೆ ಸುತ್ತುತ್ತಾ ಹತ್ತಿರ ಬಂದದ್ದನ್ನೆಲ್ಲ ಹೊಡೆಯುತ್ತವೆ. ಆಗ ಲೂರ್ ಕಚ್ಚುವುದು ಹಸಿವಿಗಲ್ಲ, ಸಿಟ್ಟಿಗೆ.

ಕೊರವನ ಮರಿ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೆರೆಯ ಅಂಚಿನಲ್ಲಿ ಕೆಂಪಗೆ, ಒಂದು ತಟ್ಟೆಯಷ್ಟು ಅಗಲ, ಕುದಿಯುವ ನೀರಿನ ಹಾಗೆ ಮಿಜಿಗುಡುವ ಮರಿಗಳ ಮುದ್ದೆ. ಅದರ ಕೆಳಗೆ ತಾಯಿ, ತಂದೆ ಇದ್ದೇ ಇರುತ್ತವೆ. ಕಪ್ಪೆ ಕಟ್ಟಿ ಆ ಮುದ್ದೆಯ ಮೇಲೆ ಎಳೆದರೆ ಖಂಡಿತ ಹೊಡೆಯುತ್ತದೆ. ಹೊಡೆದ ಮೇಲೆ ಆ ಮರಿಗಳ ಗತಿ? ಹತ್ತು ನಿಮಿಷದಲ್ಲಿ ಬೇರೆ ಮೀನುಗಳು ಬಂದು ಖಾಲಿ ಮಾಡುತ್ತವೆ. ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ ನಾನೇ ಹಾಗೆ ಹಿಡಿದು, ದಡದಲ್ಲಿ ಕೂತು ಅದನ್ನು ನೋಡಿದ್ದೇನೆ. ಆಮೇಲೆ ಮರಿ ಕಂಡ ಜಾಗಕ್ಕೆ ಗಾಳ ಹಾಕಿಲ್ಲ. ಯಾವ ದೇಶದಲ್ಲಾದರೂ ಮರಿ ಜೊತೆಗಿರುವ ಮೀನನ್ನು ಬಿಟ್ಟುಬಿಡಿ ಅಂತ ಕೈ ಮುಗಿದು ಕೇಳುತ್ತೇನೆ.

ಅಪಾಯಗಳ ಬಗ್ಗೆ ಜನ ಪಿರಾನ್ಹಾ, ಮೊಸಳೆ ಅಂತ ಹೆದರುತ್ತಾರೆ. ಪಿರಾನ್ಹಾ ಹೆಚ್ಚಾಗಿ ಕಚ್ಚುವುದು ಗಾಳ ಬಿಡಿಸುವಾಗ. ಇಕ್ಕಳ ಇಟ್ಟುಕೊಳ್ಳಿ, ಬೆರಳು ಹಾಕಬೇಡಿ. ಅದು ದಾರವನ್ನೂ ಕತ್ತರಿಸುತ್ತದೆ, ಗಾಳದ ಹಿಂದೆ ಒಂದು ಗೇಣು ತಂತಿ ಬೇಕು. ನಿಜವಾಗಿ ಹೆದರಬೇಕಾದದ್ದು ಮರಳಿನಲ್ಲಿ ಮಲಗಿರುವ ಸಿಹಿನೀರಿನ ತೊರಕೆ ಅನ್ನುವ ಚಪ್ಪಟೆ ಮೀನಿಗೆ. ಬೇಸಿಗೆಯಲ್ಲಿ ಮರಳು ದಿಬ್ಬದ ಅಂಚಿನ ಮೊಣಕಾಲುದ್ದ ನೀರಿನಲ್ಲಿ ಅದು ಇರುತ್ತದೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ, ಮುಳ್ಳಿಗೆ ವಿಷ ಇದೆ. ಕಾಲು ಎತ್ತಿ ಎತ್ತಿ ಇಡಬಾರದು, ನೆಲಕ್ಕೆ ಎಳೆದುಕೊಂಡೇ ನಡೆಯಬೇಕು. ಪಾದ ಪಕ್ಕಕ್ಕೆ ತಾಗಿದರೆ ಅದೇ ಸರಿದುಹೋಗುತ್ತದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ, ಅಂದರೆ 45 ಡಿಗ್ರಿ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ವಿದ್ಯುತ್ ಹಾವುಮೀನಿನ ಒಂದು ಜಾತಿಯಲ್ಲಿ 860 ವೋಲ್ಟ್‌ವರೆಗೆ ಅಳೆದದ್ದನ್ನು 2019ರಲ್ಲಿ ವರದಿ ಮಾಡಿದ್ದಾರೆ. ಗಾಳಕ್ಕೆ ಬಂದರೆ ದಾರ ಕತ್ತರಿಸಿ ಬಿಡಿ, ಮುಟ್ಟಲೇಬೇಡಿ. ಆಫ್ರಿಕಾದ ಹಲವು ಸರೋವರಗಳ ದಡದ ನೀರಿನಲ್ಲಿ ಬಸವನಹುಳುವಿನಿಂದ ಬರುವ ಪರಾವಲಂಬಿ ಹುಳುಗಳು ಚರ್ಮದ ಮೂಲಕವೇ ಒಳಗೆ ಹೋಗುತ್ತವೆ. ಅಲ್ಲಿ ನೀರಿಗೆ ಇಳಿಯದಿರುವುದೇ ಲೇಸು.

ಕಾಗದದ ಕೆಲಸದಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಬ್ರೆಜಿಲ್, ಕೀನ್ಯಾ, ಉಗಾಂಡಾದಂಥ ದೇಶಗಳಿಗೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಬೇಕು. ಕನಿಷ್ಠ 10 ದಿನ ಮುಂಚೆ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ದೇಶದಲ್ಲೇ 6 ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಬ್ರೆಜಿಲ್‌ನಲ್ಲಿ ಗಾಳಕ್ಕೂ ಲೈಸೆನ್ಸ್ ಬೇಕು. ಅರಪೈಮಾಗೆ ಬೇರೆಯೇ ಕಟ್ಟುನಿಟ್ಟು ಇದೆ.

ನನ್ನ ತಮ್ಮ ಆ ಡಿಸೆಂಬರ್ ಕೊನೆಯಲ್ಲಿ ಮತ್ತೆ ಹೋದ. ಈ ಸಲ ಮನೌಸ್‌ನಿಂದ ಮೇಲೆ, ಬಾರ್ಸೆಲೊಸ್ ಅನ್ನುವ ಊರಿನ ಕಡೆಗೆ. ಹೋಗುವ ಮುಂಚೆ ವಾರವಾರ ಅಲ್ಲಿನ ನೀರಿನ ಮಟ್ಟ ನೋಡುತ್ತಿದ್ದ, ನಾವು 2922 ನೋಡುವ ಹಾಗೆ. ನದಿ ಇಳಿದು ಬಿಳಿ ಮರಳು ದಿಬ್ಬ ಎದ್ದಿತ್ತು. ಕಾಡಿನಿಂದ ಹೊರಬಿದ್ದ ಮೀನು ಸಣ್ಣ ಕೊಲ್ಲಿಗಳ ಬಾಯಲ್ಲಿ, ಬಿದ್ದ ಮರಗಳ ಪಕ್ಕ ಸೇರಿತ್ತು. ಮೂರನೇ ದಿನ ನಾಲ್ಕು ಕಿಲೋದ ಒಂದು ತುಕುನಾರೆ ಸಿಕ್ಕಿತು. ಫೋಟೋ ತೆಗೆದು ನೀರಿಗೆ ಬಿಟ್ಟ. ಕೆಳಗೆ ಬರೆದಿದ್ದ, "ಜಿಲೇಬಿನೇ ಕಣಣ್ಣ ಇದು, ದೊಡ್ಡದು ಅಷ್ಟೇ."

ಇದೇ ಮೀನು ತಪ್ಪು ಜಾಗದಲ್ಲಿ ಏನು ಮಾಡಿತು ಅಂತಲೂ ಹೇಳಬೇಕು. 1967ರ ಸುಮಾರಿಗೆ ಪನಾಮಾದ ಗಾಟೂನ್ ಸರೋವರಕ್ಕೆ ತುಕುನಾರೆ ಸೇರಿಕೊಂಡಿತು. ಕೆಲವೇ ವರ್ಷದಲ್ಲಿ ಅಲ್ಲಿನ ಸಣ್ಣ ಮೀನುಗಳಲ್ಲಿ ಹೆಚ್ಚಿನವು ಕಾಣೆಯಾದವು ಅಂತ 1973ರಲ್ಲಿ ಇಬ್ಬರು ವಿಜ್ಞಾನಿಗಳು ಬರೆದರು. ನಮ್ಮ ದೇಶಕ್ಕೆ ಜಿಲೇಬಿ ಮೀನು ಬಂದದ್ದು 1952ರಲ್ಲಿ, ಆಫ್ರಿಕಾದ ಮೂಲದ್ದು. ಇವತ್ತು ಅದಿಲ್ಲದ ಕೆರೆ ಹುಡುಕಬೇಕು. 2018ರ ಪ್ರವಾಹದ ನಂತರ ಕೇರಳದ ಚಾಲಕ್ಕುಡಿ ಹೊಳೆಯಲ್ಲಿ ಬಲೆಗೆ ಅರಪೈಮಾ ಬಿದ್ದಿತ್ತು, ಯಾರೋ ಸಾಕಿದ್ದು ತಪ್ಪಿಸಿಕೊಂಡದ್ದು. ತೊಟ್ಟಿಯಲ್ಲಿ ಸಾಕಿದ ಮೀನನ್ನು ಪಾಪ ಅಂತ ಕೆರೆಗೆ ಬಿಡುವವರು ಇದನ್ನು ಯೋಚಿಸಬೇಕು. ಮೀನೇ ಆಗಬೇಕಿಲ್ಲ. ಒದ್ದೆ ಶೂ, ಬಲೆ, ಚೀಲದ ಮೂಲೆಯಲ್ಲಿ ಬಸವನಹುಳುವಿನ ಮೊಟ್ಟೆ, ಕಳೆಯ ಚೂರು, ರೋಗದ ಕ್ರಿಮಿ ಬರಬಹುದು. ತೊಳೆದು, ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆ ಮಾತ್ರ ಇಲ್ಲಿನ ನೀರಿಗೆ ಇಳಿಸಬೇಕು.

ಅವನು ಬಂದು ಐದು ದಿನ ಆಗಿತ್ತು. ನಮ್ಮ ತಾರಸಿ ಮೇಲೆ ಹುರುಳಿ ಒಣಹಾಕಿದ ಚಾಪೆಯ ಪಕ್ಕ ಅವನ ಬಲೆ, ರೀಲು, ಶೂ ಎಲ್ಲ ಹರಡಿತ್ತು. ಭಾನುವಾರ ಹಿನ್ನೀರಿಗೆ ಹೋಗೋಣ ಅಂತ ಬಂದ. ನಾನು ಶೂ ಒಳಗೆ ಕೈ ಹಾಕಿ ನೋಡಿದೆ.

"ಬೆರಳ ಹತ್ರ ಇನ್ನೂ ತೇವ ಇದೆ ಕಣೋ."

"ನನ್ನ ಹಳೇ ಕೋಲು ಎಲ್ಲಿಟ್ಟಿದೀರಣ್ಣ?" ಅಂತ ಕೇಳಿ, ಚಪ್ಪಲಿಯಲ್ಲೇ ಹೊರಟ.